ಅನಿಶ್ಚಿತ ಬೇಡಿಕೆಯಲ್ಲಿ ದಾಸ್ತಾನು ನಿರ್ಧಾರ

ಅನಿಶ್ಚಿತ ಬೇಡಿಕೆಯಲ್ಲಿ ದಾಸ್ತಾನು ನಿರ್ಧಾರ ಎಂಬುದು, ಒಂದು ಸರಕಿಗೆ ಎಷ್ಟು ಬೇಡಿಕೆ ಬರುವುದೆಂದು ತಿಳಿಯುವ ಮೊದಲೇ ಅದನ್ನು ಎಷ್ಟು ತರಿಸಿಡಬೇಕೆಂದು ನಿಶ್ಚಯಿಸುವ ಸಮಸ್ಯೆ. ಹೆಚ್ಚು ತರಿಸಿದರೆ ಸರಕು ಉಳಿದು ನಷ್ಟವಾಗುತ್ತದೆ. ಕಡಿಮೆ ತರಿಸಿದರೆ ಗ್ರಾಹಕರು ಬರಿಗೈಯಲ್ಲಿ ಮರಳುತ್ತಾರೆ. ಸಂಜೆಯಾದ ಮೇಲೆ ಬೆಲೆ ಕಳೆದುಕೊಳ್ಳುವ ದಿನಪತ್ರಿಕೆಯು ಇದಕ್ಕೆ ಸರಳ ನಿದರ್ಶನವಾದ್ದರಿಂದ ಇದನ್ನು ‘ಪತ್ರಿಕೆ ಮಾರುವವನ ಸಮಸ್ಯೆ’ ಎಂದೂ ಕರೆಯುತ್ತಾರೆ.

ಇತಿಹಾಸ

1888ರಲ್ಲಿ ಅರ್ಥಶಾಸ್ತ್ರಜ್ಞ ಫ್ರಾನ್ಸಿಸ್ ಎಜ್‌ವರ್ತ್, ಬ್ಯಾಂಕುಗಳು ಎಷ್ಟು ನಗದನ್ನು ಕೈಯಲ್ಲಿ ಇರಿಸಿಕೊಳ್ಳಬೇಕೆಂಬ ಪ್ರಶ್ನೆಗೆ ಸಂಭವನೀಯತೆಯ ಗಣಿತವನ್ನು ಅನ್ವಯಿಸಿದನು. 1951ರಲ್ಲಿ ಕೆನೆತ್ ಆ್ಯರೋ, ಥಿಯೊಡೋರ್ ಹ್ಯಾರಿಸ್ ಮತ್ತು ಜೇಕಬ್ ಮಾರ್ಷಕ್ ಪ್ರಕಟಿಸಿದ ಲೇಖನವು ಆಧುನಿಕ ದಾಸ್ತಾನು ಸಿದ್ಧಾಂತಕ್ಕೆ ಅಡಿಪಾಯವಾಯಿತು.

ಲೆಕ್ಕಾಚಾರದ ವಿಧಾನ

ಒಂದು ಚೀಲ ಕಡಿಮೆಯಾದರೆ ಆಗುವ ನಷ್ಟವನ್ನು ‘ಕೊರತೆ ವೆಚ್ಚ’ ಎಂದೂ, ಒಂದು ಚೀಲ ಉಳಿದರೆ ಆಗುವ ನಷ್ಟವನ್ನು ‘ಉಳಿಕೆ ವೆಚ್ಚ’ ಎಂದೂ ಕರೆಯಲಾಗುತ್ತದೆ. ಕೊರತೆ ವೆಚ್ಚವನ್ನು ಈ ಎರಡರ ಮೊತ್ತದಿಂದ ಭಾಗಿಸಿದಾಗ ದೊರೆಯುವುದು ‘ನಿರ್ಣಾಯಕ ಅನುಪಾತ’. ಬೇಡಿಕೆಯು ದಾಸ್ತಾನಿನ ಮಿತಿಯೊಳಗೆ ಇರುವ ಸಂಭವನೀಯತೆಯು ಈ ಅನುಪಾತವನ್ನು ಮುಟ್ಟುವ ಕನಿಷ್ಠ ಪ್ರಮಾಣವೇ ತರಿಸಬೇಕಾದ ಪ್ರಮಾಣ.

ಉದಾಹರಣೆಗೆ, ಬಿತ್ತನೆ ಬೀಜದ ಚೀಲವೊಂದರ ಖರೀದಿ ಬೆಲೆ 1,000 ರೂಪಾಯಿ, ಮಾರಾಟ ಬೆಲೆ 1,200 ರೂಪಾಯಿ, ಉಳಿದ ಚೀಲಕ್ಕೆ ದೊರೆಯುವುದು 600 ರೂಪಾಯಿ ಎಂದು ಭಾವಿಸೋಣ. ಕೊರತೆ ವೆಚ್ಚ 200, ಉಳಿಕೆ ವೆಚ್ಚ 400, ಅನುಪಾತ 0.33. ಬೇಡಿಕೆಯು 60, 80, 100, 120 ಅಥವಾ 140 ಚೀಲ ಇರುವ ಸಾಧ್ಯತೆ ಸಮಾನವಾಗಿದ್ದರೆ, ಸರಾಸರಿ 100 ಆದರೂ ವ್ಯಾಪಾರಿಗೆ ಲಾಭಕರವಾದುದು 80 ಚೀಲ. ಬೀಜ ಸಿಗದ ರೈತನಿಗೆ ಪ್ರತಿ ಚೀಲಕ್ಕೆ ಆಗುವ 1,000 ರೂಪಾಯಿ ನಷ್ಟವನ್ನೂ ಸೇರಿಸಿದರೆ ಕೊರತೆ ವೆಚ್ಚ 1,200, ಅನುಪಾತ 0.75, ಆಗ ತರಿಸಬೇಕಾದುದು 120 ಚೀಲ. ಕೊರತೆಯ ನಷ್ಟವನ್ನು ಯಾರ ಕಡೆಯಿಂದ ಎಣಿಸಲಾಗುತ್ತದೆ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ.

ಹಾವೇರಿ ಜಿಲ್ಲೆಯ ನಿದರ್ಶನ

ಅಬಲೂರು ಸೇರಿದಂತೆ ಹಿರೇಕೆರೂರು ಸೀಮೆಯಲ್ಲಿ ಮೆಕ್ಕೆಜೋಳ ಮತ್ತು ಹತ್ತಿ ಮುಖ್ಯ ಮುಂಗಾರು ಬೆಳೆಗಳು. ರೋಹಿಣಿ, ಮೃಗಶಿರಾ ಮಳೆಗಳು ಬಿದ್ದು ಭೂಮಿ ಹದವಾದೊಡನೆ ರೈತರು ಒಮ್ಮೆಲೇ ಬೀಜ, ಗೊಬ್ಬರಗಳಿಗೆ ಬರುತ್ತಾರೆ. ಆದರೆ ಸಹಕಾರ ಸಂಘಗಳೂ ಅಂಗಡಿಗಳೂ ಮಳೆಗೆ ಮೊದಲೇ ದಾಸ್ತಾನು ಮಾಡಬೇಕು. ಪ್ರಮಾಣೀಕೃತ ಬೀಜದ ಮಾನ್ಯತೆ ಆರಂಭದಲ್ಲಿ 9 ತಿಂಗಳು ಮಾತ್ರ ಇರುವುದರಿಂದ, ಉಳಿದ ಬೀಜವನ್ನು ಮರುಪರೀಕ್ಷೆಯಿಲ್ಲದೆ ಮುಂದಿನ ಮುಂಗಾರಿಗೆ ಇಡಲಾಗದು. ರಸಗೊಬ್ಬರವನ್ನು ಹೆಚ್ಚು ಕಾಲ ಇಡಬಹುದಾದ್ದರಿಂದ ಅದರ ಉಳಿಕೆ ವೆಚ್ಚ ಕಡಿಮೆ.

ಕೊರತೆಯ ಪರಿಣಾಮ ಹಣಕ್ಕಷ್ಟೇ ಸೀಮಿತವಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ರೈತರು ನಡೆಸಿದ ಪ್ರತಿಭಟನೆಯ ವೇಳೆ ಪೊಲೀಸರು ಗೋಲಿಬಾರ್ ನಡೆಸಿದರು. ರೈತರು ಪ್ರಾಣ ಕಳೆದುಕೊಂಡರು. ರಸಗೊಬ್ಬರದ ಪೂರೈಕೆಯು ಸ್ಥಳೀಯ ಮಾರಾಟಗಾರರ ಬೇಡಿಕೆಪಟ್ಟಿಯನ್ನಷ್ಟೇ ಅಲ್ಲ, ಕೇಂದ್ರ ಸರ್ಕಾರದ ಹಂಚಿಕೆಯನ್ನೂ ಅವಲಂಬಿಸಿದೆ.

ಅನಿಶ್ಚಿತತೆಯನ್ನು ತಗ್ಗಿಸುವ ಕ್ರಮಗಳು

ಹಲವು ಊರುಗಳಿಗೆ ಸೇರಿ ಒಂದೆಡೆ ಕಾಪು ದಾಸ್ತಾನು ಇರಿಸಿದರೆ ಒಂದೂರಿನ ಹೆಚ್ಚಿನ ಬೇಡಿಕೆಯನ್ನು ಇನ್ನೊಂದೂರಿನ ಉಳಿಕೆ ಸರಿದೂಗಿಸುತ್ತದೆ. ಆದರೆ ಇಡೀ ಜಿಲ್ಲೆಯಲ್ಲಿ ಒಂದೇ ವಾರ ಮಳೆಯಾದರೆ ಈ ಅನುಕೂಲ ಕುಗ್ಗುತ್ತದೆ. ಉಳಿದ ಸರಕನ್ನು ಪೂರೈಕೆದಾರರು ಮರಳಿ ಪಡೆಯುವ ಒಪ್ಪಂದವು ಉಳಿಕೆ ವೆಚ್ಚವನ್ನು ತಗ್ಗಿಸಿ, ಹೆಚ್ಚು ದಾಸ್ತಾನು ಮಾಡಲು ವ್ಯಾಪಾರಿಯನ್ನು ಪ್ರೇರೇಪಿಸುತ್ತದೆ.