ಪಂಚರನ್ನು ಆರಿಸಿದ್ದು ಯಾರು?

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ.

ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಅಂತ ಒಂದು ಗಾದೆ ಇದೆ. ಗಾದೆ ಸುಳ್ಳಲ್ಲ. ವಾಯಿದೆ ಮೇಲೆ ವಾಯಿದೆ, ವಕೀಲರ ಫೀಸು, ಬಸ್ ಚಾರ್ಜು, ಕೂಲಿ ಲುಕ್ಸಾನು ಎಲ್ಲ ನಮಗೆ ಗೊತ್ತಿರೋದೇ. ಆದರೆ ನಮ್ಮವರ ಮೇಲೆ ದೌರ್ಜನ್ಯ ಆದಾಗ ಈ ಗಾದೆ ಮೊದಲು ಕೇಳಿಬರೋದು ನಮ್ಮ ಬಾಯಿಂದಲ್ಲ, ಊರ ಹಿರಿಯರ ಬಾಯಿಂದ. "ಯಾಕ್ರಪ್ಪಾ ಸ್ಟೇಷನ್ನು, ಕೋರ್ಟು? ನಾಳೆ ಒಬ್ಬರ ಮುಖ ಒಬ್ಬರು ನೋಡಬೇಕಲ್ವಾ? ಇಲ್ಲೇ ಕೂತು ಬಗೆಹರಿಸ್ಕೊಳ್ಳಿ."

ಈಗ ಇದಕ್ಕೆ ಓದಿದವರ ಒಂದು ವಾದವೂ ಸೇರಿಕೊಂಡಿದೆ. "ಸರ್ಕಾರವೇ ಲೋಕ ಅದಾಲತ್ ಮಾಡ್ತಿದೆ, ದೊಡ್ಡ ಕಂಪನಿಗಳೇ ಆರ್ಬಿಟ್ರೇಷನ್‌ಗೆ ಹೋಗ್ತಾವೆ, ಊರ ಪಂಚಾಯ್ತಿ ಅಂದ್ರೆ ಮಾತ್ರ ನಿಮಗ್ಯಾಕೆ ಸಿಟ್ಟು?" ಅಂತ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ನಮ್ಮ ಚರಿತ್ರೆಯಲ್ಲಿದೆ.

ಮೊದಲು ಮಹಾಡ್. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಚೌದಾರ್ ಕೆರೆಯ ನೀರು ಕುಡಿದರು. ಅದೇ ಡಿಸೆಂಬರ್ 12ಕ್ಕೆ ಸವರ್ಣೀಯರು ಸಿವಿಲ್ ದಾವೆ ಹಾಕಿದರು. ಕೆರೆ ತಮ್ಮದು, ಅಸ್ಪೃಶ್ಯರನ್ನು ದೂರ ಇಡೋದು ಅನಾದಿ ಕಾಲದ ರೂಢಿ ಅನ್ನೋದು ಅವರ ವಾದ. ಎರಡೇ ದಿನದಲ್ಲಿ ತಾತ್ಕಾಲಿಕ ತಡೆಯಾಜ್ಞೆಯನ್ನೂ ತಂದರು. ಬಾಬಾಸಾಹೇಬರು ಆ ಆಜ್ಞೆಯನ್ನು ಮುರಿಯಲಿಲ್ಲ, ಕೋರ್ಟಿನಲ್ಲೇ ನಿಂತು ವಾದ ಮಾಡಿದರು. 1931ರಲ್ಲಿ ಕೆಳ ನ್ಯಾಯಾಲಯದಲ್ಲಿ ಗೆಲುವು, 1933ರಲ್ಲಿ ಜಿಲ್ಲಾ ನ್ಯಾಯಾಲಯದಲ್ಲಿ ಗೆಲುವು. ಕೊನೆಗೆ 1937ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟು ಅಂಥ ಅನಾದಿ ರೂಢಿ ಸಾಬೀತಾಗಿಲ್ಲ ಅಂತ ಸವರ್ಣೀಯರ ಮೇಲ್ಮನವಿ ವಜಾ ಮಾಡಿತು.

ಲೆಕ್ಕ ಹಾಕಿ, ಒಂದು ಬೊಗಸೆ ನೀರಿಗೆ ಸುಮಾರು 10 ವರ್ಷ! 1927ರಲ್ಲೇ ಯಾರಾದರೂ ಪಂಚರು ಕೂತು "ಈ ಮೂಲೆಯ ಮೆಟ್ಟಿಲು ನಿಮಗೆ, ಬೆಳಿಗ್ಗೆ ಒಂದು ಹೊತ್ತು ಬಂದು ತುಂಬಿಸ್ಕೊಳ್ಳಿ" ಅಂದಿದ್ದರೆ ಒಂದೇ ದಿನದಲ್ಲಿ ಮುಗೀತಿತ್ತು. ಆದರೆ ಸಿಗ್ತಿದ್ದದ್ದು ಒಂದು ಮೂಲೆ, ಅದೂ ಅವರ ದಯೆಯಿಂದ. ಕೋರ್ಟಿನಿಂದ ಸಿಕ್ಕಿದ್ದು, ಈ ಕೆರೆಯಿಂದ ನಿಮ್ಮನ್ನು ದೂರ ಇಡೋ ಹಕ್ಕು ಯಾರಿಗೂ ಇಲ್ಲ ಅನ್ನೋ ತೀರ್ಪು.

ಬಾಬಾಸಾಹೇಬರು ರಾಜಿಗೇ ಒಪ್ಪದವರು ಅಂತ ತಿಳ್ಕೋಬೇಡಿ. ನಾಸಿಕದ ಕಾಳಾರಾಮ್ ದೇವಸ್ಥಾನದ ಸತ್ಯಾಗ್ರಹದಲ್ಲಿ ರಾಜಿ ಆಗಿತ್ತು. 1930ರ ಏಪ್ರಿಲ್ 9, ರಾಮನವಮಿಯ ತೇರು. ಎರಡೂ ಕಡೆಯ ಗಟ್ಟಿಮುಟ್ಟಾದ ಆಳುಗಳು ಸೇರಿ ತೇರು ಎಳೆಯೋದು ಅಂತ ಮಾತಾಗಿತ್ತು. ಆದರೆ ನಮ್ಮವರು ಹಗ್ಗಕ್ಕೆ ಕೈ ಹಾಕೋ ಮೊದಲೇ ಸವರ್ಣೀಯರು ತೇರನ್ನು ಎಳೆದುಕೊಂಡು ಹೋದರು, ಕಲ್ಲು ತೂರಾಟ ಆಯ್ತು. ಮಾತು ಮುರಿದವರನ್ನು ಕೇಳೋಕೆ ಯಾವ ಪಂಚರೂ ಬರಲಿಲ್ಲ. ಬಲ ಒಂದೇ ಕಡೆ ಇದ್ದಾಗ ರಾಜಿಯನ್ನು ಉಳಿಸೋದು, ಮುರಿಯೋದು ಎರಡೂ ಅವರ ಕೈಯಲ್ಲೇ ಇರುತ್ತೆ.

ಇನ್ನು 1932. ಆ ವರ್ಷದ ಸೆಪ್ಟೆಂಬರ್ 24ರಂದು ಯರವಡಾ ಜೈಲಿನಲ್ಲಿ ಪೂನಾ ಒಪ್ಪಂದಕ್ಕೆ ಸಹಿ ಆಯ್ತು. ಒಂದು ಕಡೆ ಗಾಂಧೀಜಿಯ ಆಮರಣಾಂತ ಉಪವಾಸ. ಇನ್ನೊಂದು ಕಡೆ, ಅವರಿಗೆ ಏನಾದರೂ ಆದರೆ ಹಳ್ಳಿ ಹಳ್ಳಿಯಲ್ಲಿ ನಮ್ಮವರ ಗತಿ ಏನು ಅನ್ನೋ ಭಯ. ಪ್ರತ್ಯೇಕ ಮತಕ್ಷೇತ್ರ ಹೋಯ್ತು, ಮೀಸಲು ಸ್ಥಾನ 148 ಆಯ್ತು. ಒತ್ತಡದಲ್ಲಿ ಹಾಕೋ ಸಹಿ ಎಂಥದ್ದು ಅಂತ ಆ ದಿನ ಬಾಬಾಸಾಹೇಬರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಅದಾಗಿ ಬರೀ 12 ದಿನಕ್ಕೆ, ಅಕ್ಟೋಬರ್ 6ರಂದು, ಬಾಂಬೆ ಶಾಸನ ಪರಿಷತ್ತಿನಲ್ಲಿ ಅವರು ಎದ್ದು ನಿಂತರು. ಅಲ್ಲಿ ಚರ್ಚೆಗೆ ಬಂದಿದ್ದು ಗ್ರಾಮ ಪಂಚಾಯಿತಿ ಮಸೂದೆ. ಪಂಚಾಯಿತಿಗಳಿಗೆ ನ್ಯಾಯ ತೀರ್ಮಾನದ ಅಧಿಕಾರ ಕೊಡೋದನ್ನು ಅವರು ನೇರವಾಗಿ ವಿರೋಧಿಸಿದರು. ಊರು ಜಾತಿಯಲ್ಲಿ ಮುಳುಗಿದೆ, ಆ ಊರು ಆರಿಸಿದ ಪಂಚರಿಂದ ಕೇರಿಯ ಬೆರಳೆಣಿಕೆಯ ಜನ ಯಾವ ನ್ಯಾಯ ನಿರೀಕ್ಷಿಸಬೇಕು ಅನ್ನೋದು ಅವರ ವಾದದ ತಿರುಳು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೂ ಹಳ್ಳಿಯನ್ನು ಹೊಗಳೋರ ಮುಂದೆ ಅವರು ಇದೇ ನಿಲುವು ಇಟ್ಟರು.

ಸ್ವಾತಂತ್ರ್ಯ ಬಂದ ಮೇಲೂ ಈ ಪಾಠ ಕಾನೂನಿಗೆ ಬೇಗ ತಲುಪಲಿಲ್ಲ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಆದರೆ ಅದರಲ್ಲೇ, ಕೋರ್ಟಿನ ಅನುಮತಿ ಇದ್ದರೆ ಕೇಸನ್ನು ರಾಜಿ ಮಾಡ್ಕೋಬಹುದು ಅಂತಲೂ ಇತ್ತು. ಹಳ್ಳಿಯಲ್ಲಿ ಇದರ ಅರ್ಥ ಏನು ಹೇಳಿ? ಹೊಲದ ಕೂಲಿ ಅವರದು, ಅಂಗಡಿ ಅವರದು, ಹಾಲಿನ ಡೇರಿ ಅವರದು, ಸಾಲ ಕೊಟ್ಟವರೂ ಅವರೇ. ಹೀಗಿದ್ದಾಗ ರಾಜಿಗೆ ಒಪ್ಪಲ್ಲ ಅನ್ನೋ ಧೈರ್ಯ ಎಷ್ಟು ಜನಕ್ಕೆ ಇರುತ್ತೆ? ಇಳಯಪೆರುಮಾಳ್ ಸಮಿತಿ 1969ರಲ್ಲಿ ವರದಿ ಕೊಟ್ಟ ಮೇಲೆ, 1976ರ ತಿದ್ದುಪಡಿಯಲ್ಲಿ ರಾಜಿಯ ಆ ಬಾಗಿಲು ಮುಚ್ಚಿತು. ಕಾಯ್ದೆಯ ಹೆಸರೂ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಆಯ್ತು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೂ ರಾಜಿಗೆ ಅವಕಾಶ ಇಡಲಿಲ್ಲ. 2016ರಿಂದ ಸಾಮಾಜಿಕ ಬಹಿಷ್ಕಾರ, ಆರ್ಥಿಕ ಬಹಿಷ್ಕಾರ ಹಾಕೋದು, ಹಾಕ್ತೀವಿ ಅಂತ ಬೆದರಿಸೋದು ಕೂಡ ಇದೇ ಕಾಯ್ದೆಯಡಿ ಅಪರಾಧ.

ಈಗ ಆ ಪ್ರಶ್ನೆಗೆ ಬರೋಣ. ಆರ್ಬಿಟ್ರೇಷನ್ನೂ ಊರ ಕಟ್ಟೆ ಪಂಚಾಯ್ತಿಯೂ ಒಂದೇನಾ?

ಕಾನೂನೇ ಅಲ್ಲ ಅನ್ನುತ್ತೆ. 1996ರ ಮಧ್ಯಸ್ಥಿಕೆ ಕಾಯ್ದೆ ತೆಗೆದು ನೋಡಿ. ಆರ್ಬಿಟ್ರೇಷನ್‌ಗೆ ಎರಡೂ ಕಡೆಯವರ ಲಿಖಿತ ಒಪ್ಪಿಗೆ ಬೇಕು. ಇಬ್ಬರನ್ನೂ ಸಮಾನವಾಗಿ ನೋಡಬೇಕು. ವ್ಯಾಜ್ಯದಲ್ಲಿ ಹಿತಾಸಕ್ತಿ ಇರೋರು ತೀರ್ಮಾನಕ್ಕೆ ಕೂರಬಾರದು. ಅವಾರ್ಡಿನಲ್ಲಿ ಗಂಭೀರ ದೋಷ ಇದ್ದರೆ ಕೋರ್ಟಿಗೆ ಹೋಗಿ ರದ್ದು ಮಾಡಿಸೋಕೆ ದಾರಿ ಇದೆ. ಕ್ರಿಮಿನಲ್ ಅಪರಾಧಗಳು ಆರ್ಬಿಟ್ರೇಷನ್ ವ್ಯಾಪ್ತಿಗೆ ಬರೋದೇ ಇಲ್ಲ ಅಂತ ಸುಪ್ರೀಂ ಕೋರ್ಟು 2011ರ ಬೂಜ್ ಅಲೆನ್ ಕೇಸಲ್ಲಿ ಹೇಳಿದೆ. ಹಿತಾಸಕ್ತಿ ಇರೋ ಕಡೆಯವರು ತಾವೊಬ್ಬರೇ ಆರ್ಬಿಟ್ರೇಟರನ್ನು ನೇಮಿಸೋ ಹಾಗಿಲ್ಲ ಅಂತ 2019ರ ಪರ್ಕಿನ್ಸ್ ಕೇಸಲ್ಲಿ ಹೇಳಿತು. 2024ರ ನವೆಂಬರ್‌ನಲ್ಲಿ ಐದು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಸರ್ಕಾರಿ ಗುತ್ತಿಗೆಗಳಲ್ಲಿ ಹೀಗೆ ಏಕಪಕ್ಷೀಯವಾಗಿ ನೇಮಿಸೋದು ಸಮಾನತೆಯ 14ನೇ ವಿಧಿಗೇ ವಿರುದ್ಧ ಅಂದಿತು.

ಅಂದರೆ ಕೋಟಿ ಕೋಟಿ ವ್ಯವಹಾರದ ಕಂಪನಿಗೂ ಕಾನೂನು ಕೊಟ್ಟಿರೋ ರಕ್ಷಣೆ ಇಷ್ಟೇ: ಎದುರಾಳಿ ಒಬ್ಬನೇ ಆರಿಸಿದ ಪಂಚನ ಮುಂದೆ ನಿನ್ನನ್ನು ನಿಲ್ಲಿಸಬಾರದು. ಆ ರಕ್ಷಣೆ ನಮ್ಮ ಕೂಲಿಕಾರನಿಗೆ ಬೇಡವಾ?

ಕಟ್ಟೆಯಲ್ಲಿ ಏನಾಗುತ್ತೆ ಅಂತ ನೋಡಿದ್ದೀವಿ. 2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಎರಡು ವರ್ಷದ ಕೂಸು ಗುಡಿಯೊಳಗೆ ಓಡಿತು ಅಂತ ಶುದ್ಧೀಕರಣಕ್ಕೆ ಸುಮಾರು 25,000 ರೂಪಾಯಿ ಕೇಳಿದರು. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಹುಡುಗನೊಬ್ಬ ದೇವರ ಕೋಲು ಮುಟ್ಟಿದ ಅಂತ 60,000 ರೂಪಾಯಿ ದಂಡ ಹಾಕಿದರು. ಎರಡೂ ಕಡೆ ದಂಡ ಬಿದ್ದಿದ್ದು ನೊಂದವರ ಮೇಲೆ! ಇದನ್ನು ಮಧ್ಯಸ್ಥಿಕೆ ಅಂತ ಹೇಗೆ ಕರೀತೀರಿ?

ಕೋರ್ಟು ಅಂದರೆ ಸ್ವರ್ಗ ಅಂತ ನಾನೇನೂ ಹೇಳ್ತಿಲ್ಲ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ನಮ್ಮ ಏಳು ಜನರನ್ನು ಜೀವಂತ ಸುಟ್ಟರು. 2006ರಲ್ಲಿ ಸಾಕ್ಷಿಗಳು ತಿರುಗಿಬಿದ್ದು ಆರೋಪಿಗಳೆಲ್ಲ ಖುಲಾಸೆ ಆದರು. ಸಾಕ್ಷಿ ಬೀಳೋದು ಕಟಕಟೆಯಲ್ಲಿ ಕಾಣುತ್ತೆ. ಅದರ ಹಿಂದಿನ ಭಯ ಹುಟ್ಟೋದು ಊರಲ್ಲೇ. ಇನ್ನೊಂದು ಕಡೆ ಮರಕುಂಬಿ. 2014ರ ದಾಳಿಗೆ 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಕೇಸು ಅಲ್ಲಿಂದ ಹೈಕೋರ್ಟಿಗೆ ಹೋಗಿದೆ, ಹೋರಾಟ ಮುಗಿದಿಲ್ಲ. ಆದರೂ ಅಷ್ಟು ದೂರ ಬಂದಿದ್ದು ಸಾಕ್ಷಿ ಹೇಳಿದವರು ಹತ್ತು ವರ್ಷ ನಿಂತಿದ್ದರಿಂದ.

ಇನ್ನೊಂದು ಎಚ್ಚರಿಕೆ. 2021ರ ಅಕ್ಟೋಬರ್‌ನಲ್ಲಿ ರಾಮಾವತಾರ್ ಕೇಸಿನ ತೀರ್ಪು ಬಂತು. ಮೂಲತಃ ಖಾಸಗಿ ಅಥವಾ ಸಿವಿಲ್ ಸ್ವರೂಪದ ಜಗಳ ಆಗಿದ್ದು, ಜಾತಿ ಕಾರಣಕ್ಕೆ ಆಗಿರದಿದ್ದರೆ, ದೌರ್ಜನ್ಯ ಕಾಯ್ದೆಯ ಕೇಸನ್ನೂ ರಾಜಿ ಆಧಾರದ ಮೇಲೆ ಮೇಲಿನ ನ್ಯಾಯಾಲಯಗಳು ರದ್ದು ಮಾಡಬಹುದು ಅಂತ ಸುಪ್ರೀಂ ಕೋರ್ಟು ಹೇಳಿತು. ಆದರೆ ನೊಂದವರ ಮೇಲೆ ಬಲವಂತ ಇದೆಯಾ ಅಂತ ಕೋರ್ಟು ಎಚ್ಚರದಿಂದ ನೋಡಲೇಬೇಕು ಅಂತಲೂ ಹೇಳಿದೆ. ನಿಮ್ಮ ಊರಲ್ಲಿ ತೀರ್ಪಿನ ಮೊದಲರ್ಧ ಹೇಳೋರು ಇರ್ತಾರೆ, ಎರಡನೇ ಅರ್ಧ ನೀವೇ ಕೇಳಿ.

ಹಾಗಾದರೆ ಏನು ಮಾಡೋದು? ಗುಮಾಸ್ತನಾಗಿ ದಿನಾ ಕಾಗದದ ನಡುವೆ ಇರೋನು ನಾನು, ಅದಕ್ಕೇ ಕಾಗದದ ಮಾತೇ ಹೇಳ್ತೀನಿ.

ಅಪಘಾತ ಪರಿಹಾರ, ಚೆಕ್ ಬೌನ್ಸ್, ಬ್ಯಾಂಕ್ ಸಾಲ, ಅಣ್ಣತಮ್ಮಂದಿರ ಪಾಲು, ಇಂಥವಕ್ಕೆ ಲೋಕ ಅದಾಲತ್ ಧಾರಾಳವಾಗಿ ಬಳಸಿ. ಕೋರ್ಟಲ್ಲಿದ್ದ ಕೇಸು ಅಲ್ಲಿ ಮುಗಿದರೆ ಕೋರ್ಟ್ ಶುಲ್ಕ ವಾಪಸ್ ಬರುತ್ತೆ. ಆದರೆ ಅಲ್ಲಿನ ಅವಾರ್ಡಿಗೆ ಅಪೀಲು ಇಲ್ಲ, ಸಹಿಗೆ ಮೊದಲೇ ಮೊತ್ತ ಸರಿಯಾ ನೋಡ್ಕೊಳ್ಳಿ. ಆಟೋ ಸಾಲದ ಬಗ್ಗೆ ಫೈನಾನ್ಸಿನವರಿಂದ ಆರ್ಬಿಟ್ರೇಷನ್ ನೋಟಿಸು ಬಂದರೆ ಬಿಸಾಡಬೇಡಿ. ಆರ್ಬಿಟ್ರೇಟರನ್ನು ನೇಮಿಸಿದ್ದು ಯಾರು ಅಂತ ನೋಡಿ, ಆಕ್ಷೇಪಣೆ ಲಿಖಿತವಾಗಿ ಕೊಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ.

ಹೊಡೆತ, ಜಾತಿ ನಿಂದನೆ, ಬಹಿಷ್ಕಾರ, ಗುಡಿ, ನೀರು, ಸ್ಮಶಾನದ ವಿಷಯ ಆದರೆ ಮೊದಲು ಎಫ್‌ಐಆರ್. ಆಮೇಲೆ ಯಾರು ಬಂದು ಮಾತಾಡಿದರೂ ಮಾತಾಡಲಿ. ಖಾಲಿ ಕಾಗದಕ್ಕೆ, ಓದಿ ಹೇಳದ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಬೇಡಿ. ಸರ್ಕಾರದ ಪರಿಹಾರದ ಹಣ ನಿಮ್ಮ ಹಕ್ಕು, ಅದು ರಾಜಿಯ ಕೂಲಿ ಅಲ್ಲ.

ಮುಂದಿನ ಸಲ ಯಾರಾದರೂ "ಬನ್ರಪ್ಪಾ, ಕೂತು ಬಗೆಹರಿಸೋಣ" ಅಂದಾಗ ಮೂರು ಪ್ರಶ್ನೆ ಕೇಳಿ. ಪಂಚರನ್ನು ಆರಿಸಿದ್ದು ಯಾರು? ಅವರಲ್ಲಿ ನಾವು ಒಪ್ಪಿದವರು ಎಷ್ಟು ಜನ? ಒಪ್ಪಲ್ಲ ಅಂತ ಎದ್ದು ಬಂದರೆ ನಾಳೆ ನಮಗೆ ಕೂಲಿ, ನೀರು, ಅಂಗಡಿ ಸಿಗುತ್ತಾ? ಮೂರನೇ ಪ್ರಶ್ನೆಗೆ ಸಿಗುತ್ತೆ ಅನ್ನೋ ಧೈರ್ಯದ ಉತ್ತರ ಇಲ್ಲದಿದ್ದರೆ ಅಲ್ಲಿ ನಡೀತಿರೋದು ರಾಜಿ ಅಲ್ಲ, ಅಪ್ಪಣೆ.

ಶೇರ್ ಮಾಡಿ. ಓದೋಕೆ ಬಾರದವರಿಗೆ ಓದಿ ಹೇಳಿ.

ಜೈ ಭೀಮ್.