ಕಿರಿದಾದ ಹೊಟ್ಟೆಗೆ ಕರಾವಳಿಯ ಊಟ

1954ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಕ್ರೆಮೆನ್ ಮತ್ತು ಲಿನ್ನರ್ ಎಂಬ ಶಸ್ತ್ರವೈದ್ಯರು ಸಣ್ಣ ಕರುಳಿನ ಬಹುಭಾಗವನ್ನು ಬದಿಗಿರಿಸಿ, ಮೇಲಿನ ತುದಿಯನ್ನು ಕೆಳಗಿನ ತುದಿಗೆ ಜೋಡಿಸುವ ವಿಧಾನವನ್ನು ಪ್ರಕಟಿಸಿದರು. ಉಂಡದ್ದು ಮೈಗೆ ಹತ್ತದಿದ್ದರೆ ತೂಕ ತಾನಾಗಿ ಇಳಿಯುತ್ತದೆ ಎಂಬುದು ಅದರ ಹಿಂದಿದ್ದ ಲೆಕ್ಕ. ತೂಕ ಇಳಿಯಿತು. ಅದರ ಬೆನ್ನಿಗೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಯಕೃತ್ತಿನ ವೈಫಲ್ಯ, ಜೀವಸತ್ವಗಳ ತೀವ್ರ ಕೊರತೆ ಬಂದವು. ಕೊನೆಗೆ ಆ ವಿಧಾನವನ್ನೇ ಕೈಬಿಡಬೇಕಾಯಿತು. ಬೊಜ್ಜಿನ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಹೀಗೆ, ಊಟವನ್ನು ಲೆಕ್ಕಕ್ಕೆ ಹಿಡಿಯದೆ. ಅಲ್ಲಿಂದ ಇಲ್ಲಿಯವರೆಗೆ ಈ ಕ್ಷೇತ್ರ ಆಪರೇಷನ್ ಥಿಯೇಟರಿನಿಂದ ನಿಧಾನವಾಗಿ ಅಡುಗೆಮನೆಯ ಕಡೆಗೆ ತಿರುಗಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಅಡುಗೆಮನೆಗಳಿಗೆ ಆ ತಿಳಿವಳಿಕೆ ಇನ್ನೂ ಸರಿಯಾಗಿ ಬಂದು ಮುಟ್ಟಿಲ್ಲ ಎಂಬುದು ನನ್ನ ಅನಿಸಿಕೆ. ಅದಕ್ಕೆ ಬೇಕಾದ ಸಾಮಗ್ರಿ ಮಾತ್ರ ಇಲ್ಲಿ ಧಾರಾಳವಾಗಿದೆ.

ಅಲ್ಸರ್‌ಗಾಗಿ ಜಠರದ ಭಾಗ ತೆಗೆಸಿಕೊಂಡವರು ತೆಳ್ಳಗಾಗುವುದನ್ನು ಗಮನಿಸಿದ್ದ ಅಯೋವಾದ ಎಡ್ವರ್ಡ್ ಮೇಸನ್ 1967ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ವಿಧಾನವನ್ನು ಮುಂದಿಟ್ಟರು. ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಸೇರಿಸುವ ಕ್ರಮ ಅದು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಯಾರಿಗೆ ಈ ಚಿಕಿತ್ಸೆ ಎಂದು ಗೆರೆ ಎಳೆಯಿತು: ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 40 ದಾಟಿದವರಿಗೆ, ಅಥವಾ ಸಕ್ಕರೆ ಕಾಯಿಲೆಯಂಥ ತೊಂದರೆಗಳಿದ್ದರೆ 35 ದಾಟಿದವರಿಗೆ. 1994ರಲ್ಲಿ ಬೈಪಾಸ್ ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಕ್ರಿಯೆಯಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಸ್ಲೀವ್ ಪ್ರಚಾರಕ್ಕೆ ಬಂತು. ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದರೆ ಬಾಳೆಕಾಯಿಯಂಥ ಕೊಳವೆಯೊಂದು ಉಳಿಯುತ್ತದೆ. ನಮ್ಮ ಕಡೆಯವರು ಮಾಡಿಸಿಕೊಳ್ಳುವುದು ಹೆಚ್ಚಾಗಿ ಈ ಎರಡರಲ್ಲಿ ಒಂದು.

ಊಟದ ಮಾತು ಗಟ್ಟಿಯಾಗಿ ಕೇಳಿಸಿದ್ದು ಸ್ವೀಡನ್ನಿನಿಂದ. 1987ರಲ್ಲಿ ಅಲ್ಲಿ ಆರಂಭವಾದ ಅಧ್ಯಯನ ಸಾವಿರಾರು ರೋಗಿಗಳನ್ನು ದಶಕಗಳ ಕಾಲ ಹಿಂಬಾಲಿಸಿತು. 2007ರಲ್ಲಿ ಹೊರಬಂದ ಫಲಿತಾಂಶದಲ್ಲಿ ಎರಡು ಸುದ್ದಿಗಳಿದ್ದವು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆಯಾಗಿತ್ತು. ಆದರೆ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ತಳಮಟ್ಟ ಮುಟ್ಟಿ, ಆಮೇಲೆ ಮೆಲ್ಲಗೆ ಮೇಲೇರತೊಡಗಿತ್ತು. ಬೈಪಾಸ್ ಆದವರು ಹತ್ತು ವರ್ಷಗಳ ಬಳಿಕ ಮೂಲ ತೂಕದ ಸುಮಾರು ಶೇ. 25ರಷ್ಟು ಇಳಿಕೆಯನ್ನು ಉಳಿಸಿಕೊಂಡಿದ್ದರು. ಜಠರಕ್ಕೆ ಪಟ್ಟಿ ಹಾಕಿಸಿಕೊಂಡವರಲ್ಲಿ ಉಳಿದದ್ದು ಶೇ. 14. ಹೊಟ್ಟೆ ಕಿರಿದಾದರೆ ಸಾಲದು, ಊಟವೂ ಬದಲಾಗಬೇಕು ಎಂಬ ಮಾತು ಬಂದದ್ದು ಹೀಗೆ.

ತೂಕ ಮತ್ತೆ ಏರುವುದಕ್ಕೆ ರೋಗಿಯ ಮನೋದಾರ್ಢ್ಯ ಸಾಲದ್ದೇ ಕಾರಣ ಎಂದು ಬಹಳ ಕಾಲ ಅವರನ್ನೇ ದೂರಲಾಯಿತು. ಇದು ಅನ್ಯಾಯ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಜಠರದಲ್ಲಿ ಒಸರುವ ಘ್ರೆಲಿನ್ ಹಾರ್ಮೋನನ್ನು ಕಂಡುಹಿಡಿದರು. ಅದು ಹಸಿವೆಬ್ಬಿಸುವ ಹಾರ್ಮೋನು. ಬೈಪಾಸ್ ಆದವರ ರಕ್ತದಲ್ಲಿ ಅದು ತೀರಾ ಕಡಿಮೆ ಇರುವುದನ್ನು 2002ರಲ್ಲಿ ಸಿಯಾಟಲ್‌ನ ಸಂಶೋಧಕರು ತೋರಿಸಿದರು. ಮೊದಲ ವರ್ಷ ಹಸಿವೇ ಆಗುವುದಿಲ್ಲ ಎಂದು ಹಲವರು ಹೇಳುವುದು ಭ್ರಮೆಯಲ್ಲ, ಮೈಯೊಳಗೆ ನಿಜಕ್ಕೂ ಬದಲಾವಣೆ ಆಗಿರುತ್ತದೆ. ಮೈ ಹೊಸ ವ್ಯವಸ್ಥೆಗೆ ಒಗ್ಗಿದಂತೆ ಹಸಿವು ಮರಳುತ್ತದೆ. ಅಷ್ಟರೊಳಗೆ ಊಟದ ಕ್ರಮ ರೂಢಿಯಾಗಿರಬೇಕು. ಆ ಒಂದು ವರ್ಷದ ಬೆಲೆ ಇರುವುದು ಇಲ್ಲಿ.

ಅಮೆರಿಕದ ಮೂರು ವೈದ್ಯಕೀಯ ಸಂಘಗಳು ಸೇರಿ 2008ರಲ್ಲಿ ಹೊರತಂದ ಜಂಟಿ ಮಾರ್ಗಸೂಚಿಯಲ್ಲಿ ಪೋಷಣೆಗೆ ದೊಡ್ಡ ಜಾಗ ಸಿಕ್ಕಿತು. 2013 ಮತ್ತು 2019ರಲ್ಲಿ ಅದು ಪರಿಷ್ಕೃತವಾಯಿತು. ಭಾರತದಲ್ಲಿ ಬೊಜ್ಜು ಶಸ್ತ್ರವೈದ್ಯರ ಸಂಘ 2002ರಲ್ಲಿ ಹುಟ್ಟಿ, 2020ರಲ್ಲಿ ತನ್ನದೇ ಮಾರ್ಗಸೂಚಿ ಪ್ರಕಟಿಸಿತು. ನಮ್ಮ ಮೈಕಟ್ಟಿನಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದರಿಂದ ಬಿಎಂಐ ಗೆರೆಯೂ ಕೆಳಗಿಳಿದಿದೆ. 2011ರಲ್ಲಿ ನಿತಿನ್ ಗಡ್ಕರಿ ಮುಂಬೈಯಲ್ಲಿ ಈ ಚಿಕಿತ್ಸೆ ಮಾಡಿಸಿಕೊಂಡಾಗ ದೇಶಕ್ಕೆಲ್ಲ ಇದರ ಹೆಸರು ಗೊತ್ತಾಯಿತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಯುವ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಯುವ ಚಿಕಿತ್ಸೆಯ ಬೆನ್ನಿಗೆ ತೀರಿಕೊಂಡಾಗ ಅದೇ ಹೆಸರಿಗೆ ಭಯವೂ ಅಂಟಿತು. ಆದರೆ ಆ ನಟಿ ಮಾಡಿಸಿಕೊಂಡದ್ದು ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಬೇರೆಯೇ ಚಿಕಿತ್ಸೆ. ಜಠರಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ನಮ್ಮ ಊರಿನ ವಿಚಾರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಹತ್ತರಲ್ಲಿ ಸುಮಾರು ಮೂವರಿಗೆ ಅಧಿಕ ತೂಕ ಅಥವಾ ಬೊಜ್ಜು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳು ಊರಿಗೆಲ್ಲ ಉಣಿಸಿದ ಸೀಮೆ. 1924ರಲ್ಲಿ ಬೆಂಗಳೂರಿನಲ್ಲಿ ಎಂಟಿಆರ್‌ಗೆ ಬುನಾದಿ ಹಾಕಿದ ಯಜ್ಞನಾರಾಯಣ ಮೈಯರು ಕೋಟದ ಬಳಿಯ ಪಾರಂಪಳ್ಳಿಯವರು. ಇಂದಿಗೂ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಗಲ್ಲಾಪೆಟ್ಟಿಗೆಯ ಹಿಂದೆ ಕುಂದಾಪ್ರ ಕನ್ನಡ ಕೇಳಿಸುತ್ತದೆ. ದಿನವಿಡೀ ನಿಂತು, ಹೊತ್ತಲ್ಲದ ಹೊತ್ತಿಗೆ ಚಹಾದ ಜೊತೆ ಒಂದು ಪಫ್ಸೋ ಬನ್ನೋ ತಿಂದು ರಾತ್ರಿ ಹನ್ನೊಂದಕ್ಕೆ ಊಟ ಮಾಡುವ ಬದುಕು ಅದು. ಅಂಥವರೊಬ್ಬರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಅವರ ಕೈಯಲ್ಲಿರುವ ಆಹಾರದ ಪಟ್ಟಿ ಏನು ಹೇಳುತ್ತದೆ? ಓಟ್ಸ್, ಬ್ರೊಕೊಲಿ, ಡಬ್ಬದ ಪ್ರೊಟೀನ್ ಪುಡಿ. ಪಟ್ಟಿ ತಪ್ಪಲ್ಲ. ಮೊದಲ ವಾರಗಳಲ್ಲಿ ಪುಡಿ ಬೇಕಾಗಲೂಬಹುದು. ಆದರೆ ಮನೆಯಲ್ಲಿ ಬೇಯುವ ಅಡುಗೆಗೂ ಪಟ್ಟಿಗೂ ನಂಟಿಲ್ಲದಿದ್ದರೆ ಅದು ಮೂರು ತಿಂಗಳು ದಾಟುವುದು ಕಷ್ಟ.

ಆರಂಭದ ಹಂತಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಮೊದಲ ಒಂದೆರಡು ದಿನ ತಿಳಿ ನೀರು, ಆಮೇಲೆ ಸುಮಾರು ಎರಡು ವಾರ ದ್ರವ, ನಂತರ ಅರೆದದ್ದು, ಮೆತ್ತಗಿನದು, ಆರರಿಂದ ಎಂಟು ವಾರಕ್ಕೆ ಸಾಮಾನ್ಯ ಊಟ. ಈ ಹಂತಗಳನ್ನು ಮನೆಯವರು ಬಾಣಂತಿಯ ಪಥ್ಯದಷ್ಟೇ ಶ್ರದ್ಧೆಯಿಂದ ಪಾಲಿಸುತ್ತಾರೆ. ಎಡವುವುದು ಸಾಮಾನ್ಯ ಊಟ ಶುರುವಾದ ಮೇಲೆ.

ನಮ್ಮ ತಟ್ಟೆಯಲ್ಲಿ ಅನ್ನ ನಡುವೆ ಕೂತಿರುತ್ತದೆ, ಮೀನು ನಂಜಿಕೊಳ್ಳಲು ಅಂಚಿಗೆ. ಕಿರಿದಾದ ಹೊಟ್ಟೆಗೆ ಈ ಜಾಗ ಅದಲುಬದಲಾಗಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು. ಒಂದು ಹೊತ್ತಿಗೆ ಹಿಡಿಸುವುದು ಮೊದಮೊದಲು ಸಣ್ಣ ಲೋಟದಷ್ಟು. ಎರಡು ತುತ್ತು ಗಂಜಿ ಮೊದಲು ಒಳಗೆ ಹೋದರೆ ಬಂಗುಡೆಗೆ ಜಾಗವಿರುವುದಿಲ್ಲ. ಪ್ರೊಟೀನ್ ಸಾಲದೆ ಹೋದರೆ ಕರಗುವುದು ಕೊಬ್ಬು ಮಾತ್ರವಲ್ಲ, ಮಾಂಸಖಂಡವೂ ಕರಗುತ್ತದೆ, ಕೂದಲು ಉದುರುತ್ತದೆ, ಸುಸ್ತು ಹತ್ತುತ್ತದೆ. ಲೆಕ್ಕ ಹಾಕಿ ನೋಡಿ. ನೂರು ಗ್ರಾಂ ಬಂಗುಡೆಯ ಮಾಂಸದಲ್ಲಿ ಸುಮಾರು 20 ಗ್ರಾಂ, ಎರಡು ಮೊಟ್ಟೆಯಲ್ಲಿ 12ರಿಂದ 13, ಒಂದು ಬಟ್ಟಲು ಬೇಯಿಸಿದ ಹೆಸರುಕಾಳಿನಲ್ಲಿ 10ರ ಹತ್ತಿರ, ಒಂದು ಹಿಡಿ ನೆಲಗಡಲೆಯಲ್ಲಿ 7, ಇನ್ನೂರು ಗ್ರಾಂ ಮೊಸರಿನಲ್ಲಿ 6ರಿಂದ 7. ಇಷ್ಟನ್ನು ದಿನದ ಐದಾರು ಹೊತ್ತಿಗೆ ಹಂಚಿದರೆ 60ರ ಹತ್ತಿರ ಬಂತು. ಇದರಲ್ಲಿ ಹೊರದೇಶದಿಂದ ಬರಬೇಕಾದದ್ದು ಒಂದೂ ಇಲ್ಲ. ಗಂಗೊಳ್ಳಿ ಬಂದರಿನ ಮೀನು, ಬೈಂದೂರು ಕಡೆಯ ಗದ್ದೆಯ ನೆಲಗಡಲೆ, ಮನೆಯ ಮೊಸರು ಸಾಕು. ಮೀನನ್ನು ಕೆಂಪಗೆ ಹುರಿಯುವ ಬದಲು ಪುಳಿಮುಂಚಿಯಲ್ಲೋ ಬಾಳೆಲೆಯಲ್ಲೋ ಬೇಯಿಸಿದರೆ ಮೆತ್ತಗೂ ಇರುತ್ತದೆ, ಎಣ್ಣೆಯೂ ಉಳಿಯುತ್ತದೆ. ಕುಂದಾಪುರದ ಹೆಸರನ್ನು ದೇಶಕ್ಕೆಲ್ಲ ಹೇಳಿದ ಚಿಕನ್ ಘೀ ರೋಸ್ಟ್‌ನಲ್ಲಿ ಕೋಳಿ ಒಳ್ಳೆಯದೇ, ತುಪ್ಪದ್ದು ಸಮಸ್ಯೆ. ಅದೇ ಕೋಳಿಯ ತೆಳು ಸಾರು ಮಾಡಿಕೊಂಡರೆ ನಾಲಿಗೆಗೂ ಅಪಚಾರವಾಗದು.

ಮೀನು ತಿನ್ನುವವರಿಗೂ ವರ್ಷವಿಡೀ ಒಂದೇ ಅನುಕೂಲ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅದರ ಹಿಂದೆಯೇ ಶ್ರಾವಣ, ಹಲವು ಮನೆಗಳಲ್ಲಿ ಮೀನು ನಿಷಿದ್ಧ. ಒಣಮೀನಿಗೆ ಉಪ್ಪು ಹೆಚ್ಚು, ಬಿಪಿ ಇರುವವರಿಗೆ ಹಿತವಲ್ಲ. ಈ ಮಳೆಗಾಲದ ಎರಡು ಮೂರು ತಿಂಗಳಲ್ಲಿ ಪ್ರೊಟೀನ್ ಕುಸಿದು, ಬದಲಿಗೆ ಹಪ್ಪಳ, ಸಂಡಿಗೆ, ಬಿಸಿ ಗೋಲಿಬಜೆ ಒಳನುಗ್ಗುತ್ತವೆ. ನೂರು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೊಟೀನ್ ಇದೆ. ಆದರೆ ಕಾಳನ್ನು ದನಕ್ಕೆ ಹಾಕಿ ಬೇಯಿಸಿದ ನೀರಿನಿಂದ ಮಾತ್ರ ಸಾರು ಮಾಡುವ ಪದ್ಧತಿಯಿದ್ದರೆ ಆ ಪ್ರೊಟೀನ್ ದನಕ್ಕೇ ಹೋಯಿತು. ಕಾಳನ್ನೂ ಅರೆದು ಸಾರಿಗೆ ಸೇರಿಸಬೇಕು. ಮೀನು, ಮೊಟ್ಟೆ ಎರಡನ್ನೂ ಮುಟ್ಟದ ಬ್ರಾಹ್ಮಣ ಮನೆಗಳಲ್ಲಿ ಇದೇ ಪ್ರಶ್ನೆ ಹನ್ನೆರಡು ತಿಂಗಳೂ ಇರುತ್ತದೆ. ಅಲ್ಲಿ ಪನೀರು, ಸೋಯಾ, ಹಾಲಿನ ಪ್ರೊಟೀನ್ ಪುಡಿ ಆಡಂಬರವಲ್ಲ, ಅಗತ್ಯ.

ನಮ್ಮ ಕುಚ್ಚಲಕ್ಕಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಭತ್ತವನ್ನು ಬೇಯಿಸಿ ಒಣಗಿಸಿದಾಗ ತೌಡಿನಲ್ಲಿರುವ ಬಿ1 ಜೀವಸತ್ವ ಕಾಳಿನೊಳಕ್ಕೆ ಇಳಿದು ಉಳಿಯುತ್ತದೆ. ಪಾಲಿಶ್ ಮಾಡಿದ ಬೆಳ್ತಿಗೆ ಉಣ್ಣುವ ಕಡೆ ಬೆರಿಬೆರಿ ಕಾಡಿ, ಕುಚ್ಚಲಕ್ಕಿ ಉಣ್ಣುವ ಕಡೆ ಕಾಡದಿದ್ದುದಕ್ಕೆ ಕಾರಣ ಇದು. ಸಹ್ಯಾದ್ರಿ ಕೆಂಪುಮುಕ್ತಿ ತಳಿಯಾಗಲಿ, ಎಲ್ಲರೂ ಬೆಳೆಯುವ ಎಂಒ4 ಆಗಲಿ, ಕುಚ್ಚಲಾಗಿ ಬಂದರೆ ಒಳ್ಳೆಯ ಅನ್ನವೇ. ಆದರೆ ನಾಲ್ಕು ಚಮಚ ಗಂಜಿಯಲ್ಲಿ ಬರುವ ಬಿ1 ಯಾರಿಗೂ ಸಾಲದು. ಅಕ್ಕಿ ಎಷ್ಟೇ ಒಳ್ಳೆಯದಿದ್ದರೂ ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳು ಬದುಕಿರುವ ತನಕ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಎರಡು ಗಂಟೆ ಅಂತರದಲ್ಲಿ ನುಂಗಬೇಕು, ಕಬ್ಬಿಣದ ಜೊತೆ ಚಹಾ ಬೇಡ. ಮಾತ್ರೆ ತಿಂದರೆ ಮೈ ಮಾತ್ರೆಗೇ ಒಗ್ಗಿಹೋಗುತ್ತದೆ ಎಂದು ಆರು ತಿಂಗಳಿಗೆ ನಿಲ್ಲಿಸುವವರಿದ್ದಾರೆ. ಕೊರತೆ ತಕ್ಷಣ ಕಾಣುವುದಿಲ್ಲ, ಬಿ12ರ ಕೊರತೆ ನರಕ್ಕೆ ಮುಟ್ಟಲು ವರ್ಷಗಳೇ ಹಿಡಿಯಬಹುದು. ತಡವಾದರೆ ಹಾನಿ ಪೂರ್ತಿ ಗುಣವಾಗದಿರಲೂಬಹುದು.

ದಾರಿ ತಪ್ಪಿಸುವುದು ದೊಡ್ಡ ಊಟವಲ್ಲ, ದೊಡ್ಡ ಊಟ ಹಿಡಿಸುವುದೇ ಇಲ್ಲ. ಮೆತ್ತಗಿನ ತಿಂಡಿಗಳು ತಪ್ಪಿಸುತ್ತವೆ. ಕೋಳಿ ತುಂಡು ನಿಧಾನವಾಗಿ ಇಳಿದು ಹೊಟ್ಟೆ ತುಂಬಿಸಿದರೆ, ಚಹಾದಲ್ಲಿ ಅದ್ದಿದ ಬಿಸ್ಕತ್ತು, ಹಾಲ್ಬಾಯಿ, ಬನ್ಸ್, ಪಾಯಸ ಕೊಳವೆಯಲ್ಲಿ ಸರಾಗ ಜಾರುತ್ತವೆ. ಅರ್ಧ ಗಂಟೆಗೊಮ್ಮೆ ಇಷ್ಟಿಷ್ಟು ಬಾಯಿಗೆ ಹಾಕಿಕೊಂಡರೆ ಸಂಜೆಯ ಹೊತ್ತಿಗೆ ಹಳೆಯ ಊಟದಷ್ಟೇ ಕ್ಯಾಲೊರಿ ಸೇರಿರುತ್ತದೆ. ಊಟದ ಜೊತೆ ನೀರು ಕುಡಿದರೂ ಆಹಾರ ಬೇಗ ಕೆಳಗಿಳಿದು ಹಸಿವು ಬೇಗ ಮರಳುತ್ತದೆ. ಅದಕ್ಕೇ ಊಟವಾಗಿ ಅರ್ಧ ಗಂಟೆಯ ಮೇಲೆ ನೀರು ಎಂಬ ನಿಯಮ. ಗಂಜಿಯ ತಿಳಿಯನ್ನು ಸುರಿದುಕೊಂಡು ಉಣ್ಣುವ ನಮಗೆ ಇದು ಕಷ್ಟದ ನಿಯಮವೇ ಸರಿ.

ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುವುದು ಇಲ್ಲಿನ ಮರ್ಯಾದೆ. ಬೈಪಾಸ್ ಆದವರಿಗೆ ಬರಿಹೊಟ್ಟೆಯಲ್ಲಿ ಬೆಲ್ಲ ಒಮ್ಮೆಲೇ ಕರುಳಿಗಿಳಿದರೆ ಬೆವರು, ಎದೆಬಡಿತ, ಹೊಟ್ಟೆನುಲಿತ, ತಲೆಸುತ್ತು ಬರಬಹುದು. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಹೊಸ್ತಿನ ಊಟ, ಮದುವೆ, ಕೊಡಿ ಹಬ್ಬಗಳಲ್ಲಿ ಎಲೆಯ ಮುಂದೆ ಕೂತಾಗ ಬರುವ ಒತ್ತಾಯ ಬೇರೆ. “ಎಂತ ಮಾರ್ರೆ, ಇಷ್ಟೇ ಉಂಬ್ದಾ? ಇನ್ನೊಂದ್ ಚೂರ್ ಹಾಕ್ಕಣಿ” ಎನ್ನುವವರು ಪ್ರೀತಿಯಿಂದಲೇ ಹೇಳುತ್ತಾರೆ. ಶಸ್ತ್ರಚಿಕಿತ್ಸೆಯ ಸಂಗತಿಯನ್ನು ಗುಟ್ಟಾಗಿಟ್ಟವರಿಗೆ ಈ ಪ್ರೀತಿಯನ್ನು ತಡೆಯುವುದು ತುಂಬ ಕಷ್ಟ. ಮನೆಯ ಒಬ್ಬರಿಗಾದರೂ ಪೂರ್ತಿ ವಿಷಯ ಗೊತ್ತಿರಬೇಕು, ಅವರು ಪಕ್ಕದ ಎಲೆಯಲ್ಲಿ ಕೂರಬೇಕು. ಮದ್ಯದ ಬಗ್ಗೆ ಒಂದೇ ವಾಕ್ಯ ಸಾಕು: ಬೈಪಾಸ್ ಆದ ಮೈಗೆ ಅದು ಬೇಗ ಏರುತ್ತದೆ, ಚಟವಾಗುವ ಅಪಾಯವೂ ಹೆಚ್ಚು ಎಂದು 2012ರಿಂದೀಚೆಗಿನ ಅಧ್ಯಯನಗಳು ತೋರಿಸಿವೆ.

ಕ್ಷೇತ್ರ ಈಗ ಇನ್ನೊಂದು ತಿರುವಿನಲ್ಲಿದೆ. 2025ರಲ್ಲಿ ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಇಂಜೆಕ್ಷನ್‌ಗಳು ತೂಕ ಇಳಿಸುವ ಔಷಧಿಗಳಾಗಿ ಭಾರತದ ಮಾರುಕಟ್ಟೆಗೆ ಬಂದವು. ಶಸ್ತ್ರಚಿಕಿತ್ಸೆಯ ನಂತರ ತೂಕ ಮರಳಿದವರಿಗೂ ಇವನ್ನು ಕೊಡುವುದಿದೆ. ಇಂಜೆಕ್ಷನ್ ಹಾಕಿಸಿಕೊಂಡವರೂ ಸ್ವಲ್ಪವೇ ಉಣ್ಣುತ್ತಾರೆ. ಆ ಸ್ವಲ್ಪದಲ್ಲಿ ಮೀನು ಎಷ್ಟು, ಅನ್ನ ಎಷ್ಟು ಎಂಬ ಪ್ರಶ್ನೆ ಅವರನ್ನೂ ಬಿಡದು.

ಮೊದಲ ವರ್ಷ ಮೂರು, ಆರು, ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಆಗಬೇಕು. ಬ್ರಹ್ಮಾವರದವರಿಗೆ ಮಣಿಪಾಲ ಹತ್ತಿರ. ಬೈಂದೂರಿನಿಂದ ಉಡುಪಿಗೇ ಸುಮಾರು 70 ಕಿಲೋಮೀಟರ್, ಬೆಂಗಳೂರಿನಲ್ಲೋ ಮುಂಬೈಯಲ್ಲೋ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಬಂದು ನೆಲೆಸಿದವರಿಗೆ ಅವರ ವೈದ್ಯರು ಇನ್ನೂ ದೂರ. ಹಾಗಾಗಿ ಕಾಯಿಲೆ ಬಂದಾಗ ಹೋಗುವುದು ಪೇಟೆಯ ಕ್ಲಿನಿಕ್ಕಿಗೆ. ಅಲ್ಲಿನ ವೈದ್ಯರಿಗೆ ಮೊದಲ ಮಾತಿನಲ್ಲೇ ಶಸ್ತ್ರಚಿಕಿತ್ಸೆಯ ಹೆಸರು, ವರ್ಷ ಹೇಳಿ. ಎರಡು ಮೂರು ದಿನದಿಂದ ವಾಂತಿಯಾಗುತ್ತಿದ್ದರೆ ಗ್ಲೂಕೋಸ್ ಡ್ರಿಪ್ ಏರಿಸುವ ಮೊದಲು ಬಿ1 ಇಂಜೆಕ್ಷನ್ ಬೇಕೇ ಎಂದು ಕೇಳಿ. ಬಿ1 ಬರಿದಾದ ಮೈಗೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೆ ಪೆಟ್ಟಾಗಬಹುದು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಬೈಪಾಸ್‌ನ ಜೋಡಣೆಯಲ್ಲಿ ಹುಣ್ಣಾಗಬಹುದು. ಹೆಣ್ಣುಮಕ್ಕಳು ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಬಸಿರನ್ನು ಮುಂದೂಡಬೇಕು. ಬಸಿರಾದಾಗ ಸಕ್ಕರೆ ನೀರು ಕುಡಿಸಿ ಮಾಡುವ ಪರೀಕ್ಷೆ ಬೈಪಾಸ್ ಆದವರಿಗೆ ಒಗ್ಗುವುದಿಲ್ಲ. ಅದರ ಬದಲು ಒಂದು ವಾರ ಮನೆಯಲ್ಲೇ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳುವ ಕ್ರಮವಿದೆ. ಲ್ಯಾಬಿನವರು ಲೋಟ ಕೈಗೆ ಕೊಡುವ ಮೊದಲೇ ಅದನ್ನು ಹೇಳಬೇಕು.