ಪೆನಿಸಿಲಿನ್ನಿನ ನಿರಪಾಯ ಪ್ರಯೋಗ: ಪ್ರಮಾಣ, ಅವಧಿ ಮತ್ತು ಪೂರ್ವವೃತ್ತಾಂತ

ಬ್ಯಾಕ್ಟೀರಿಯಾಗಳ ಕೋಶಭಿತ್ತಿಯ ರಚನೆಯನ್ನು ಕೆಡಿಸುವ ಪೆನಿಸಿಲಿನ್, ಅಂತಹ ಭಿತ್ತಿಯೇ ಇಲ್ಲದ ಮಾನವಕೋಶಗಳಿಗೆ ಬಹುಮಟ್ಟಿಗೆ ನಿರುಪದ್ರವಿಯಾದುದು ನಿಜವಾದರೂ, ಅದನ್ನು ಕಡಮೆಯಾಗಿ ಕೊಡುವುದರಲ್ಲಿಯೂ ಅಕಾಲದಲ್ಲಿ ನಿಲ್ಲಿಸುವುದರಲ್ಲಿಯೂ ಎಂತಹ ಅಪಾಯವಿದೆಯೆಂಬುದು ಆ ಚಿಕಿತ್ಸೆಯ ಆರಂಭಕಾಲದಲ್ಲಿಯೇ ವ್ಯಕ್ತವಾಯಿತು. 1941ರ ಫೆಬ್ರವರಿ 12ರಂದು ಆಕ್ಸ್‌ಫರ್ಡಿನ ರ್‍ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ತೀವ್ರ ಸೋಂಕಿಗೊಳಗಾಗಿದ್ದ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ, ವಿಜ್ಞಾನಿ ಫ್ಲೋರಿ ಮತ್ತವರ ಸಹೋದ್ಯೋಗಿಗಳು ಸಿದ್ಧಪಡಿಸಿದ ಪೆನಿಸಿಲಿನ್ನನ್ನು ಚುಚ್ಚತೊಡಗಲಾಗಿ, ಕೆಲವೇ ದಿನಗಳಲ್ಲಿ ಜ್ವರವಿಳಿದು ಚೇತರಿಕೆಯ ಲಕ್ಷಣಗಳು ಸ್ಪಷ್ಟವಾಗಿ ಕಂಡುಬಂದವು. ಆದರೆ ಮೂತ್ರಪಿಂಡಗಳು ಈ ಔಷಧವನ್ನು ಅತಿಶೀಘ್ರವಾಗಿ ಹೊರಹಾಕುವುದರಿಂದ, ಆತನ ಮೂತ್ರದಿಂದಲೇ ಅದನ್ನು ಮರಳಿ ಸಂಗ್ರಹಿಸಿ ಕೊಟ್ಟಾಗ್ಯೂ ದಾಸ್ತಾನು ತೀರಿಹೋಗಿ, ಸೋಂಕು ಮರುಕಳಿಸಿ, ಮಾರ್ಚ್ 15ರಂದು ಆತನು ಅಸುನೀಗಿದನು.

ಅಂದು ಔಷಧದ ಅಭಾವದಿಂದ ಒದಗಿದ ಚಿಕಿತ್ಸಾಭಂಗವು ಇಂದು ಕೇವಲ ಉಪೇಕ್ಷೆಯಿಂದ ಒದಗುತ್ತಿರುವುದು ಅತ್ಯಂತ ಖೇದಕರ. ಮಕ್ಕಳ ಗಂಟಲುಬೇನೆಗೆ ಸ್ಟ್ರೆಪ್ಟೊಕಾಕಸ್ ಕಾರಣವೆಂದು ನಿಶ್ಚಿತವಾದಲ್ಲಿ ಪೆನಿಸಿಲಿನ್ ಮಾತ್ರೆಗಳನ್ನು 10 ದಿನ ಕೊಡಬೇಕೆಂಬ ವಿಧಿಯು, ಕೆಲವು ದಿನಗಳಲ್ಲಿ ತಾನಾಗಿಯೇ ಶಮನವಾಗುವ ನೋವನ್ನು ಕುರಿತುದಲ್ಲ. ತರುವಾಯ ತಲೆದೋರಿ ಹೃದಯದ ಕವಾಟಗಳನ್ನು ಶಾಶ್ವತವಾಗಿ ಕೆಡಿಸಬಲ್ಲ ರುಮ್ಯಾಟಿಕ್ ಜ್ವರದ ನಿವಾರಣೆಯೇ ಅದರ ಮುಖ್ಯೋದ್ದೇಶ. ಹಾಗೆಂದು ದೀರ್ಘಾವಧಿಯೇ ಸರ್ವತ್ರ ಶ್ರೇಯಸ್ಕರವೆನ್ನಲಾಗದು: ತೀವ್ರವಲ್ಲದ ನ್ಯುಮೋನಿಯಾದಲ್ಲಿ 5 ದಿನಗಳ ಚಿಕಿತ್ಸೆಯೇ ಸಾಕಾಗುವುದುಂಟು, ವೈರಸ್‌ಜನ್ಯ ನೆಗಡಿಗಾದರೋ ಒಂದು ಮಾತ್ರೆಯೂ ವ್ಯರ್ಥ. ಆದಕಾರಣ ಅವಧಿಯನ್ನು ವ್ಯಾಧಿಯ ಸ್ವರೂಪವರಿತ ವೈದ್ಯನೇ ನಿರ್ಣಯಿಸತಕ್ಕದ್ದು.

ಪ್ರಮಾಣ ಕಡಮೆಯಾದಲ್ಲಿ ರೋಗಾಣುಗಳು ಔಷಧವನ್ನು ಎದುರಿಸಿ ನಿಲ್ಲುವ ಅಪಾಯವೂ ಉಂಟು. ಪೆನಿಸಿಲಿನ್ನನ್ನು ನಾಶಪಡಿಸುವ ಕಿಣ್ವವೊಂದು ಬ್ಯಾಕ್ಟೀರಿಯಾಗಳಲ್ಲಿರುವುದನ್ನು ಫ್ಲೋರಿಯವರ ಸಹೋದ್ಯೋಗಿಗಳಾದ ಅಬ್ರಹಾಂ ಮತ್ತು ಚೇನ್ 1940ರಲ್ಲಿಯೇ, ಎಂದರೆ ಆ ಪೇದೆಗೆ ಚಿಕಿತ್ಸೆ ದೊರೆಯುವುದಕ್ಕೂ ಮುನ್ನವೇ, ಪ್ರಕಟಿಸಿದ್ದರು. ಅಲ್ಪಪ್ರಮಾಣದ ಸೇವನೆಯು ರೋಗಾಣುಗಳನ್ನು ಕೊಲ್ಲದೆ ಔಷಧಕ್ಕೆ ಪಳಗಿಸೀತೆಂದು, ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗರು 1945ರ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದರು.

ಇನ್ನು ಅಲರ್ಜಿಯ ವಿಚಾರ. ಹಿಂದೊಮ್ಮೆ ಪೆನಿಸಿಲಿನ್ ಪಡೆದೊಡನೆ ಉಸಿರು ಕಟ್ಟಿದವರಿಗೆ, ಮುಖ ಊದಿಕೊಂಡವರಿಗೆ, ಮೈಯೆಲ್ಲ ಗಂಧೆಯೆದ್ದವರಿಗೆ, ತಜ್ಞರ ಪರೀಕ್ಷೆಯಿಲ್ಲದೆ ಅದನ್ನಾಗಲಿ ಅದೇ ವರ್ಗದ ಆಮಾಕ್ಸಿಸಿಲಿನ್ನನ್ನಾಗಲಿ ಪುನಃ ಕೊಡಲಾಗದು. ಚುಚ್ಚುಮದ್ದು ಕೊಡುವೆಡೆಯಲ್ಲೆಲ್ಲ, ಇಂತಹ ಪ್ರತಿಕ್ರಿಯೆಗೆ ಮದ್ದಾದ ಆಡ್ರಿನಲೀನ್ ಕೈಗೆಟುಕುವಂತೆ ಇರಲೇಬೇಕು. ಆದರೆ ತಮಗೆ ಅಲರ್ಜಿಯಿದೆಯೆಂದು ಹೇಳಿಕೊಳ್ಳುವವರನ್ನು ಕ್ರಮಬದ್ಧವಾಗಿ ಪರೀಕ್ಷಿಸಿದಾಗ ಅವರಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಮಂದಿಗೆ ಔಷಧವು ಒಗ್ಗುವುದು ಕಂಡುಬಂದಿದೆ. ಬಾಲ್ಯದಲ್ಲಿ ವೈರಸ್ ಜ್ವರದಿಂದಲೇ ಎದ್ದ ದದ್ದನ್ನು ಔಷಧದ ದೋಷವೆಂದು ಬಗೆದು, ಆಯುಷ್ಯಪೂರ್ತಿ ಉತ್ತಮ ಔಷಧದಿಂದ ವಂಚಿತರಾಗಿ, ಹೆಚ್ಚು ಉಪದ್ರವಕಾರಿಯಾದ ಬೇರೊಂದನ್ನು ಸೇವಿಸಬೇಕಾಗಿ ಬರುವವರು ಬಹಳ. ಆದುದರಿಂದ ರೋಗಿಯ ಚೀಟಿಯ ಮೇಲೆ ‘ಅಲರ್ಜಿ’ ಎಂಬ ಒಂದೇ ಮಾತನ್ನು ಬರೆದು ಬಿಡದೆ, ಯಾವ ಔಷಧ ಕೊಟ್ಟಾಗ, ಎಷ್ಟು ಹೊತ್ತಿನ ಮೇಲೆ, ಏನಾಯಿತೆಂಬುದನ್ನು ವೈದ್ಯನು ಕೇಳಿ ಬರೆದಿಡಬೇಕು.